ಐದನೆಯ ಹಾಡು ಯಾರದು?

ಶಿವಮೊಗ್ಗದ ಓದುಗರೊಬ್ಬರ ಪತ್ರ: “ಗ್ಲಾಸ್ಗೋದ ‘ಬೆಲ್ ಅಂಡ್ ಸೆಬಾಸ್ಟಿಯನ್’ ಎಂಬ ಇಂಡೀ ಪಾಪ್ ಬ್ಯಾಂಡಿನ ಹಾಡೊಂದು ಫೋನಿನಲ್ಲಿ ತಾನಾಗಿ ಬಂತು, ಹಿಡಿಸಿತು. ಅವರ ಮೊದಲ ಆಲ್ಬಮ್ ‘ಟೈಗರ್‌ಮಿಲ್ಕ್’ ಹುಡುಕಿ, ಹಾಡುಗಳನ್ನು ಕ್ರಮ ಕಲಸಿ ಹಾಕುವ ಷಫಲ್‌ನಲ್ಲಿ ಹಾಕಿದೆ. ಹತ್ತರಲ್ಲಿ ಮೂರು ಹಾಡು ಚೆನ್ನಾಗಿವೆ. ಗಾಯಕ ಪಕ್ಕದ ಮನೆಯವರಿಗೆ ಕೇಳಿಸೀತೆಂದು ಹೆದರಿ ಹಾಡಿದಂತಿದೆ. ಪಟ್ಟಿಯ ಐದನೆಯದು ಬೇರೆ ಯಾರದೋ ಹಾಡು, ತಪ್ಪಿ ಸೇರಿಕೊಂಡಿರಬೇಕು. ಆಲ್ಬಮ್ಮನ್ನು ಇಡಿಯಾಗಿ ಕೇಳಿ ಎಂದು ನೀವು ಬರೆಯುತ್ತಲೇ ಇರುತ್ತೀರಿ. ಅಷ್ಟು ಹೊತ್ತು ಕೂರಲು ಈಗ ಯಾರಿಗೆ ಪುರುಸೊತ್ತು? ಹಿಡಿಸಿದ್ದನ್ನಷ್ಟೇ ಆರಿಸಿಕೊಂಡರೆ ತಪ್ಪೇನು? ಅಂದಹಾಗೆ, ಎಲ್‌ಪಿ (ಸೂಜಿಯಿಟ್ಟು ನುಡಿಸುವ ಗಾನತಟ್ಟೆ) ಕೊಳ್ಳುವ ಆಸೆಯಿದೆ. ಯಾವ ಪ್ಲೇಯರ್ ತೆಗೆದುಕೊಳ್ಳಲಿ?”

ಸಂಪಾದಕರ ಉತ್ತರ:

ತಪ್ಪೇನಿಲ್ಲ. 1996ರಲ್ಲಿ ಬರೀ 1000 ಪ್ರತಿ ಅಚ್ಚಾದ ಎಲ್‌ಪಿಯೊಂದರ ಹಾಡು ಶಿವಮೊಗ್ಗದವರೆಗೆ ಬಂದದ್ದು ಆ ಫೋನಿನ ದೆಸೆಯಿಂದಲೇ. ಆ ಮೊದಲ ಪ್ರತಿಗಳಿಗೆ ಈಗ ನೂರಾರು ಪೌಂಡ್ ಬೆಲೆ. ಯಂತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಇಷ್ಟು, ಸಲ್ಲಿಸಿದ್ದಾಯಿತು.

ಇನ್ನು ನಿಮ್ಮ ವಿಷಯ. ಬೆಳಗಿನ ಜಾವದ ಮಂಗಳವನ್ನು ಮೊದಲು ಕೇಳಿ, ನಡುರಾತ್ರಿ ಒಡ್ಡೋಲಗ ನೋಡಿ, ಆಮೇಲೆ ‘ಆಟ ಯಾಕೋ ಕೂಡಿಬರಲಿಲ್ಲ’ ಎಂದು ಭಾಗವತರ ಮೇಲೆ ದೂರು ಹೇಳಿದ ಹಾಗಾಯಿತು ನಿಮ್ಮ ಪತ್ರ. ಅದರಲ್ಲೂ ಈ ಆಲ್ಬಮ್ಮನ್ನೇ ಷಫಲ್ ಮಾಡಿದಿರಲ್ಲ! ಮೊದಲ ಹಾಡು ‘ದ ಸ್ಟೇಟ್ ಐ ಆಮ್ ಇನ್’ ಇನ್ನೊಮ್ಮೆ ಕೇಳಿ. ನಾಯಕ ಪಾದ್ರಿಯೊಬ್ಬನ ಮುಂದೆ ತನ್ನ ಪಾಪಗಳನ್ನೆಲ್ಲ ಹೇಳಿಕೊಳ್ಳುತ್ತಾನೆ. ಕೇಳಿದ್ದನ್ನು ಒಂದೂ ಮರೆಯದ ಆ ಪಾದ್ರಿ ಅದನ್ನೆಲ್ಲ ಪಾಕೆಟ್ ಕಾದಂಬರಿ ಮಾಡಿಬಿಡುತ್ತಾನೆ. ಹೆಚ್ಚುಕಡಿಮೆ ಹಾಡಿನ ಹೆಸರೇ ಕಾದಂಬರಿಯ ಹೆಸರು. ನಡುವೆ ಎಂಟು ಹಾಡು ಕಳೆದು, ಕೊನೆಯ ‘ಮೇರಿ ಜೋ’ದಲ್ಲಿ ಒಬ್ಬಂಟಿ ಹೆಣ್ಣೊಬ್ಬಳು ಪುಸ್ತಕ ಓದುತ್ತಿದ್ದಾಳೆ. ಯಾವ ಪುಸ್ತಕ? ಅದೇ. ಮೊದಲ ಹಾಡಿನಲ್ಲಿ ಗುಟ್ಟಾಗಿ ಹೇಳಿಕೊಂಡದ್ದು ಹತ್ತನೆಯದರಲ್ಲಿ ಅಪರಿಚಿತಳ ಕೈಯಲ್ಲಿದೆ. ನಿಮ್ಮ ಫೋನು ‘ಮೇರಿ ಜೋ’ವನ್ನು ಮೂರನೆಯದಾಗಿ ಹಾಕಿದ್ದರೆ ಅದು ಯಾವುದೋ ಒಂದು ಪುಸ್ತಕ, ಅಷ್ಟೆ.

ಐದನೆಯ ಹಾಡಿಗೆ ಬರೋಣ. ‘ಎಲೆಕ್ಟ್ರಾನಿಕ್ ರಿನೈಸಾನ್ಸ್’ ಅವರದೇ ಹಾಡು. ಮಿಕ್ಕ ಹಾಡುಗಳಲ್ಲಿ ಗಿಟಾರ್, ಪಿಯಾನೊ, ಚೆಲ್ಲೊ, ಟ್ರಂಪೆಟ್ ಇದ್ದರೆ ಇದರಲ್ಲಿ ಡ್ರಮ್ ಮಷೀನು, ಸಿಂಥಸೈಜರ್, ಹಳೆಯ ಟೆಲಿಫೋನಿನಿಂದ ಬಂದಂಥ ದನಿ. ಎಲ್‌ಪಿಯಲ್ಲಿ ಇದು ಮೊದಲ ಮಗ್ಗುಲಿನ ಕೊನೆಯ ಹಾಡು. ಮುಗಿದ ಮೇಲೆ ಎದ್ದು ಹೋಗಿ ತಟ್ಟೆ ತಿರುವಿ ಹಾಕಬೇಕು. ಆ ಅರ್ಧ ನಿಮಿಷದ ಬಿಡುವು ಸಿಕ್ಕರೆ ಹಾಡು ಅಂಕದ ಪರದೆಯ ಕೆಲಸ ಮಾಡುತ್ತದೆ. ಬಿಡುವಿಲ್ಲದೆ ಎರಡು ಗಿಟಾರ್ ಹಾಡುಗಳ ನಡುವೆ ಬಿದ್ದರೆ ತಪ್ಪಿ ಬಂದಂತೆಯೇ ಕೇಳುತ್ತದೆ. ನಿಮ್ಮ ಕಿವಿ ಸರಿಯಾಗಿಯೇ ಇದೆ, ಕೆಟ್ಟಿದ್ದು ಕ್ರಮ.

ಕ್ರಮದ ಹಿಂದೆ ಬರಿಯ ಭಾವವಿಲ್ಲ, ಕಮ್ಮಾರಿಕೆಯಂಥ ಲೆಕ್ಕವೂ ಇದೆ. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯ ಒಂದು ಮಗ್ಗುಲಿಗೆ 18ರಿಂದ 22 ನಿಮಿಷ ಹಿತ. ಅದಕ್ಕಿಂತ ಹೆಚ್ಚು ತುರುಕಿದರೆ ದನಿ ಕೊರೆದ ಗೀರುಗಳು ಒತ್ತಾಗಿ, ಅವನ್ನು ತೆಳ್ಳಗೆ ಕೊರೆಯಬೇಕಾಗಿ, ಸದ್ದು ಕುಗ್ಗಿ ಹಿನ್ನೆಲೆಯ ಸರಸರ ಮೇಲೇಳುತ್ತದೆ. ತಟ್ಟೆಯ ಹೊರ ಅಂಚಿನಲ್ಲಿ ಗೀರು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ, ಒಳಗಿನ ಕೊನೆಯ ಸುತ್ತಿನಲ್ಲಿ ಓಡುವುದು 21 ಸೆಂ.ಮೀ. ಮಾತ್ರ. ಅಷ್ಟೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆದಂತೆ. ಆದ್ದರಿಂದಲೇ ಅಲ್ಲಿ ಸಕಾರ ಶಕಾರಗಳು ಸಿಡಿಯುತ್ತವೆ, ತಾಳದ ಬಟ್ಟಲು ಒರಟಾಗುತ್ತದೆ. ಮಗ್ಗುಲಿನ ಕೊನೆಗೆ ‘ಮೇರಿ ಜೋ’ದಂಥ ಮೆಲುದನಿಯ ಹಾಡು ಇಡುವ ರೂಢಿ ಬೆಳೆದದ್ದರಲ್ಲಿ ಇದಕ್ಕೂ ಪಾಲಿದೆ.

ಎಲ್‌ಪಿ ಇಲ್ಲದವರು ಫೋನಿನಲ್ಲೇ ಮಾಡಬಹುದಾದದ್ದು ಬೇಕಾದಷ್ಟಿದೆ. ಷಫಲ್ ಆರಿಸಿ. ಒಂದು ಹಾಡಿನ ಬಾಲವನ್ನು ಇನ್ನೊಂದರ ತಲೆಗೆ ಅಂಟಿಸುವ ಕ್ರಾಸ್‌ಫೇಡ್ ಸೊನ್ನೆಗಿಳಿಸಿ. ಆಟೋಪ್ಲೇ ತೆಗೆಯಿರಿ, ಇಲ್ಲವಾದರೆ ‘ಮೇರಿ ಜೋ’ ಮುಗಿಯುವಷ್ಟರಲ್ಲಿ ಯಾರೋ ಬಂದು ಡೋಲು ಬಡಿಯುತ್ತಾರೆ. ಗಾಯಕನ ದನಿ ಅಳುಕಿದಂತಿದೆ ಎಂದಿರಿ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈನಲ್ಲಿ ಆಲ್ಬಮ್ಮನ್ನು ಕ್ರಮವಾಗಿ ಹಾಕಿದರೆ ಸದ್ದಿನ ಮಟ್ಟವನ್ನು ಇಡೀ ಆಲ್ಬಮ್ಮಿಗೆ ಒಂದೇ ಸಲ ಅಳೆದು ಹೊಂದಿಸುತ್ತದೆ, ಷಫಲ್ ಮಾಡಿದರೆ ಹಾಡುಹಾಡಿಗೂ ಬೇರೆ ಬೇರೆ. ಪಿಸುಮಾತಿನ ಹಾಡು, ಎತ್ತರದ ಹಾಡು ಎರಡನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸಿದರೆ ಪಿಸುಮಾತು ಅಳುಕಿನಂತೆಯೇ ಕೇಳುತ್ತದೆ. ಇನ್ನೊಂದು, ಎರಡೂ ಕಿವಿಗೆ ಇಯರ್‌ಫೋನ್ ಹಾಕಿ. ಒಂದೇ ಕಿವಿಗೆ ಸಿಕ್ಕಿಸಿಕೊಂಡರೆ ಇನ್ನೊಂದು ಬದಿಗೆ ಇಟ್ಟ ವಾದ್ಯ ಹೋಗಿಯೇಬಿಡುತ್ತದೆ.

ಅಳುಕಿಗೆ ಬೇರೆ ಮೂಲವೂ ಇದೆಯೆನ್ನಿ. ಗಾಯಕ ಸ್ಟುವರ್ಟ್ ಮರ್ಡಾಕ್ ದೀರ್ಘಕಾಲದ ನಿತ್ರಾಣದ ಕಾಯಿಲೆಯಿಂದ ವರ್ಷಗಟ್ಟಲೆ ಮನೆ ಹಿಡಿದವರು. ಹಾಡು ಕಟ್ಟಲು ಕಲಿತದ್ದು ಆ ದಿನಗಳಲ್ಲೇ. ಮುಂದೆ ಗ್ಲಾಸ್ಗೋದಲ್ಲಿ ನಿರುದ್ಯೋಗಿ ಸಂಗೀತಗಾರರಿಗಾಗಿ ನಡೆಯುತ್ತಿದ್ದ ತರಬೇತಿಯಲ್ಲಿ ಜೊತೆಗಾರರೊಬ್ಬರು ಸಿಕ್ಕರು. ಡ್ರಮ್ಮರ್ ರಿಚರ್ಡ್ ಕೋಲ್ಬರ್ನ್ ಸ್ಟೋ ಕಾಲೇಜಿನಲ್ಲಿ ಸಂಗೀತ ವ್ಯವಹಾರದ ವಿದ್ಯಾರ್ಥಿ. ಆ ತರಗತಿಗೆ ‘ಎಲೆಕ್ಟ್ರಿಕ್ ಹನಿ’ ಎಂಬ ಸ್ವಂತ ಲೇಬಲ್ (ಹಾಡು ಹೊರತರುವ ಸಂಸ್ಥೆ) ಇತ್ತು, ‘ಅಸೋಸಿಯೇಟ್ಸ್’ ಬ್ಯಾಂಡಿನ ಅಲನ್ ರಾಂಕಿನ್ ಅಲ್ಲಿ ಮೇಷ್ಟ್ರು. ವರ್ಷಕ್ಕೊಂದು ಸಿಂಗಲ್, ಅಂದರೆ ಒಂದೆರಡು ಹಾಡಿನ ತಟ್ಟೆ, ತರುವುದು ಪಾಠದ ಭಾಗ. ಈ ಬ್ಯಾಂಡಿನ ಬಳಿ ಹಾಡು ಹೆಚ್ಚಿದ್ದುದರಿಂದ ಆ ಸಲ ಇಡೀ ಆಲ್ಬಮ್ ಬಂತು. ಕೆಲವೇ ದಿನಗಳಲ್ಲಿ ರೆಕಾರ್ಡಿಂಗ್ ಮುಗಿಯಿತು, ಅದೇ ವರ್ಷದ ನವೆಂಬರಿನಲ್ಲಿ ಜೀಪ್‌ಸ್ಟರ್ ಎಂಬ ಚಿಕ್ಕ ಲೇಬಲ್ಲಿನಿಂದ ಎರಡನೆಯ ಆಲ್ಬಮ್. ಮೂರು ಆಲ್ಬಮ್ ಆದ ಮೇಲೆ, 1999ರಲ್ಲಿ, ಬ್ರಿಟನ್ನಿನ ದೊಡ್ಡ ಸಂಗೀತ ಪ್ರಶಸ್ತಿಯಾದ ‘ಬ್ರಿಟ್’ನವರು ಇವರನ್ನು ‘ಹೊಸಬರು’ ಎಂದು ಗುರುತಿಸಿದರು. ದೊಡ್ಡವರ ಕಣ್ಣಿಗೆ ಬೀಳಲು ಅಷ್ಟು ಹೊತ್ತು.

ಇಂಡೀ ಎನ್ನುವ ಮಾತನ್ನು ನೀವು ‘ಮೆಲ್ಲನೆಯ ಗಿಟಾರ್ ಹಾಡು’ ಎಂಬರ್ಥದಲ್ಲಿ ಬಳಸಿದ್ದೀರಿ. ಎಲ್ಲರೂ ಹಾಗೇ ಬಳಸುತ್ತಾರೆ, ನಿಮ್ಮೊಬ್ಬರನ್ನು ಬೈದು ಪ್ರಯೋಜನವಿಲ್ಲ. ಆದರೆ 1980ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾದ ತಟ್ಟೆಗಳ ಇಂಡೀ ಪಟ್ಟಿ ಶುರುವಾದಾಗ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ತಟ್ಟೆಯನ್ನು ಅಂಗಡಿಗೆ ಮುಟ್ಟಿಸುವವರು ದೊಡ್ಡ ಕಂಪನಿಯವರೋ, ಹೊರಗಿನವರೋ? ರಾಗ, ಗಿಟಾರ್ ಯಾವುದೂ ಲೆಕ್ಕಕ್ಕಿರಲಿಲ್ಲ. ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ ಎಂಬ ಲೇಬಲ್ 1987ರಲ್ಲಿ ಹುಟ್ಟಿ, 100ನೆಯ ಬಿಡುಗಡೆಗೆ ತಾನಾಗಿ ಬಾಗಿಲು ಹಾಕಿತು. 101ನೆಯದನ್ನು ಮಾರಬಹುದಿತ್ತು, ಮಾರಲಿಲ್ಲ. ಸದ್ದು ಹೇಗಿದೆ ಎನ್ನುವುದಕ್ಕಿಂತ ಇಂಥ ನಿರ್ಧಾರ ಯಾರ ಕೈಯಲ್ಲಿದೆ ಎನ್ನುವುದೇ ಇಂಡೀ. ಈಗ ಆ ಪದ ಒಂದು ಪ್ಲೇಲಿಸ್ಟಿನ ಹೆಸರು, ಪ್ಲೇಲಿಸ್ಟು ಕಂಪನಿಯದು.

ಆ ಕಂಪನಿಯ ಲೆಕ್ಕ ನೋಡಿ. 30 ಸೆಕೆಂಡಿನೊಳಗೆ ದಾಟಿಸಿದರೆ ಸ್ಪಾಟಿಫೈ ಅದನ್ನು ಕೇಳಿದ್ದೆಂದೇ ಎಣಿಸುವುದಿಲ್ಲ. ಜೊತೆಗೆ 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿನ ರೆಕಾರ್ಡಿಂಗಿಗೆ ಚಿಕ್ಕಾಸೂ ಇಲ್ಲ. 1000 ಪ್ರತಿಯಿಂದ ಅಂದು ಒಂದು ಬ್ಯಾಂಡು ಎದ್ದು ನಿಂತಿತು. ಇಂದು 999 ಸಲ ಯಾರೋ ಮನಸಿಟ್ಟು ಕೇಳಿದರೂ ಹಾಡಿದವರ ಕೈಗೆ ಸೊನ್ನೆ. ಪುರುಸೊತ್ತಿಲ್ಲ ಎಂದಿರಲ್ಲ, ಪುರುಸೊತ್ತು ತಾನಾಗಿ ಹೋಗಲಿಲ್ಲ. ಅದನ್ನು 30 ಸೆಕೆಂಡಿನ ತುಂಡು ಮಾಡಿ ಎಣಿಸಿಕೊಂಡವರಿದ್ದಾರೆ.

ಪ್ಲೇಯರ್ ಈಗಲೇ ಬೇಡ. ಸೂಟ್‌ಕೇಸ್ ಆಕಾರದ ಅಗ್ಗದವುಗಳಲ್ಲಿ ಸೂಜಿಯ ಅಲುಗನ್ನು ವಿದ್ಯುತ್ತಾಗಿಸುವ ಕಾರ್ಟ್ರಿಜ್ ಬಹುಪಾಲು ಸಿರಾಮಿಕ್, ಸೂಜಿ ಸುಮಾರು 5 ಗ್ರಾಂ ಭಾರ ಹಾಕಿ ಕೂರುತ್ತದೆ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ 2 ಗ್ರಾಂ ಸಾಕು. ಆ 5 ಗ್ರಾಂ ಭಾರಕ್ಕೆ ಮೊದಲು ಸವೆಯುವುದು ಒಳಗಿನ ಇಕ್ಕಟ್ಟಾದ ಗೀರು, ಅಂದರೆ ನಿಮ್ಮ ‘ಮೇರಿ ಜೋ’. ಆ ದುಡ್ಡಿನಲ್ಲಿ ವೈರಿನ ಒಳ್ಳೆಯ ಇಯರ್‌ಫೋನ್ ಕೊಳ್ಳಿ. ಉಳಿದದ್ದರಲ್ಲಿ ಈಗಷ್ಟೇ ಮೊದಲ ಆಲ್ಬಮ್ ತಂದ ಯಾವುದಾದರೂ ಬ್ಯಾಂಡಿನ ಹಾಡುಗಳನ್ನು, ಹಾಡಿದವರೇ ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ದುಡ್ಡು ಕೊಟ್ಟು ಇಳಿಸಿಕೊಳ್ಳಿ. ಅಲ್ಲಿ ಮಧ್ಯದವರ ಪಾಲು ನೂರಕ್ಕೆ 15, ಮಾರಾಟ 5000 ಡಾಲರ್ ದಾಟಿದ ಮೇಲೆ 10. ಆರಿಸಿದ ಮೂರು ಹಾಡು ಯಾವುವೆಂದು ನೀವು ಬರೆದಿಲ್ಲ. ಒಂದರಿಂದ ಐದು ಕೇಳಿ, ಎದ್ದು ನೀರು ಕುಡಿದು ಬಂದು, ಆರರಿಂದ ಹತ್ತು ಕೇಳಿದ ಮೇಲೆ ಬರೆಯಿರಿ.