ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಎಲ್ಲರೂ ಒಪ್ಪಿರುವಾಗ ನಾನೊಬ್ಬಳೇ ಪ್ರಶ್ನೆ ಕೇಳಿದರೆ ಕೆಟ್ಟವಳಾಗ್ತೀನಾ?

ಪೇಂಟಿಂಗಿಗೆ ಮನೆಗೆ 20,000 ಅಂತ ಕಮಿಟಿ ಹಾಕಿದೆ, ಎಲ್ಲರೂ ಥಂಬ್ಸ್ ಅಪ್ ಒತ್ತಿದ್ದಾರೆ, ನಾನೂ ಹೊಂದಿಕೊಂಡು ಹೋಗಲಾ ಅಂತ ಕೇಳಿದ್ದೀರಿ. ಬೇಡ. ಅಷ್ಟಕ್ಕೂ ಎಲ್ಲರೂ ಒಪ್ಪಿದ್ದಾರೆ ಅಂತ ನಿಮಗೆ ಯಾರು ಹೇಳಿದರು?

2024ರ ಬೇಸಿಗೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಮಾಡಿದ್ದ ಸಮಯ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಸೆಕ್ರೆಟರಿ ಒಂದು ರಾತ್ರಿ ಬರೆದರು: ಹೊಸ ಬೋರ್‌ವೆಲ್ ಕೊರೆಸೋಣ, ಮನೆಗೆ 15,000. ಕೆಳಗೆ ಸಾಲಾಗಿ ಹೆಬ್ಬೆರಳು. ಪಕ್ಕದ ಬಿಲ್ಡಿಂಗಿನವರು ಆಗಷ್ಟೇ 1,200 ಅಡಿ ಕೊರೆಸಿ ಬರೀ ಧೂಳು ಕಂಡಿದ್ದು ನನಗೆ ಗೊತ್ತಿತ್ತು. ಟೈಪ್ ಕೂಡ ಮಾಡಿದ್ದೆ. ಅಳಿಸಿಬಿಟ್ಟೆ.

ಅಳಿಸಿ ಸುಮ್ನೆ ಇದ್ದಿದ್ದರೂ ಆಗುತ್ತಿತ್ತು. ನಾನೂ ಥಂಬ್ಸ್ ಅಪ್ ಒತ್ತಿದೆ. ನನ್ನ ಲೆಕ್ಕದಲ್ಲಿ ಅದು ‘ಓದಿದೆ’ ಅಂತ, ಅಷ್ಟೇ. ಸೆಕ್ರೆಟರಿ ಲೆಕ್ಕದಲ್ಲಿ ಒಪ್ಪಿಗೆ. ಎದುರು ಮನೆ ಆಂಟಿ ಲೆಕ್ಕದಲ್ಲಿ, ಇಂಜಿನಿಯರ್ ಆದ ಇವಳೇ ಒತ್ತಿದ್ದಾಳೆ ಅಂದ ಮೇಲೆ ಎಲ್ಲಾ ವಿಚಾರಿಸಿಯೇ ಇರುತ್ತಾರೆ ಅಂತ. ಅವರೂ ಒತ್ತಿದರು. ಸುಮ್ಮನಿದ್ದರೆ ಒಂದು ವೋಟು ಕಡಿಮೆ ಆಗುತ್ತಿತ್ತು, ಒತ್ತಿದ್ದಕ್ಕೆ ಇನ್ನೊಬ್ಬರನ್ನೂ ಎಳೆದ ಹಾಗಾಯಿತು. ಆಮೇಲೆ ಸಭೆಯಲ್ಲಿ ಆ ಸ್ಕ್ರೀನ್‌ಶಾಟ್ ತೋರಿಸಿದಾಗ ನನಗೆ ಮಾತಾಡಲು ಬಾಯೇ ಇರಲಿಲ್ಲ.

ಬೋರ್ ಫೇಲ್ ಆಯ್ತು. ಪಾರ್ಕಿಂಗಲ್ಲಿದ್ದ ಕಾರುಗಳ ಗಾಜಿನ ಮೇಲೆಲ್ಲಾ ಬೂದಿ ಬಣ್ಣದ ಕಲ್ಲುಪುಡಿ. ಲಿಫ್ಟಲ್ಲಿ ಸಿಕ್ಕವರೆಲ್ಲ ಹೇಳಿದ್ದು ಒಂದೇ: “ನನಗೂ ಡೌಟ್ ಇತ್ತು ಕಣ್ರೀ, ಎಲ್ಲರೂ ಒಪ್ಪಿದ್ರಲ್ಲ ಅಂತ ಸುಮ್ನಾದೆ.”

1951ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದರು. ಜೊತೆಯವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಕಣ್ಣೆದುರು ಸರಿ ಉತ್ತರ ಕಾಣುತ್ತಿದ್ದರೂ ಎಷ್ಟೋ ಜನ ತಪ್ಪನ್ನೇ ಹೇಳಿದರು. ಜೊತೆಗೆ ಒಬ್ಬನಾದರೂ ಸರಿ ಹೇಳಿದಾಗ ಆ ತಪ್ಪುಗಳು ತುಂಬಾ ಕಡಿಮೆಯಾದವು. ಒಬ್ಬ ಸಾಕು, ನೋಡಿ.

ಹಾಗಾಗಿ ಸೆಕ್ರೆಟರಿಗೆ ಪರ್ಸನಲ್ ಮೆಸೇಜ್ ಹಾಕಬೇಡಿ, ಅದು ಅಲ್ಲೇ ಮುಗಿಯುತ್ತದೆ. ನೀವು ನಂಬುವ ಒಬ್ಬ ನೆರೆಯವರಿಗೆ ಫೋನ್ ಮಾಡಿ, ನನ್ನ ಮೆಸೇಜ್ ಕೆಳಗೆ ನೀವೂ ಒಂದು ಸಾಲು ಬರೀರಿ ಅನ್ನಿ. ಆಮೇಲೆ ಗ್ರೂಪಲ್ಲೇ ಕೇಳಿ. “ಯಾಕೆ ಇಷ್ಟು ದುಡ್ಡು” ಅಂತ ಶುರು ಮಾಡಿದರೆ ಜಗಳ ಆಗುತ್ತದೆ. “ಸರ್, ಕೊಟೇಷನ್‌ಗಳನ್ನು ಇಲ್ಲೇ ಹಾಕ್ತೀರಾ?” ಅನ್ನಿ, ಸಾಕು. ಒಂದಿಬ್ಬರು ಸ್ವಲ್ಪ ದಿನ ಮುಖ ತಿರುಗಿಸಬಹುದು. ತಿರುಗಿಸಲಿ. ದುಡ್ಡು ಕಟ್ಟುವ ಮೊದಲೇ ಕೇಳಿ, ಕಟ್ಟಿದ ಮೇಲೆ ಯಾರೂ ಉತ್ತರ ಕೊಡುವುದಿಲ್ಲ.