ಹಿಂದೆ ಕೂರುವ ಪಿಕಪ್‌ಗೆ ಇನ್ನೆರಡು ಸ್ಪ್ರಿಂಗ್ ಪ್ಲೇಟ್ ಹಾಕಿಸಬೇಕಾ?

ಪ್ರಶ್ನೆ: ನನ್ನದು ಆರು ವರ್ಷದ ಪಿಕಪ್. ಜಗಳೂರು ಕಡೆಯಿಂದ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಸಾಗಿಸುತ್ತೇನೆ. ಆರ್‌ಸಿಯಲ್ಲಿ ಒಟ್ಟು ತೂಕ 3,000 ಕೆಜಿ, ಖಾಲಿ ತೂಕ 1,700 ಕೆಜಿ ಎಂದಿದೆ. 50 ಕೆಜಿಯ 24 ಮೂಟೆ ಹೇರಿದರೆ ಸಾಕು, ಹಿಂದೆ ಕೂತುಬಿಡುತ್ತದೆ. ರಾತ್ರಿ ಹೆಡ್‌ಲೈಟ್ ಆಕಾಶ ನೋಡುತ್ತದೆ. ಹಿಂದಿನ ಸ್ಪ್ರಿಂಗಿಗೆ ಇನ್ನೆರಡು ಪ್ಲೇಟ್ (ಬಾಗಿದ ಉಕ್ಕಿನ ಪಟ್ಟಿ) ಹಾಕಿದರೆ 34 ಮೂಟೆ ಹೇರಬಹುದು ಅಂತಾರೆ ಗ್ಯಾರೇಜಿನವರು. ಅದರ ಬದಲು ಸ್ಪ್ರಿಂಗ್ ಜೊತೆ ಕೂರಿಸುವ, ಗಾಳಿ ತುಂಬುವ ಏರ್ ಬ್ಯಾಗ್ ಒಳ್ಳೆಯದಾ?

ಉತ್ತರ: 34 ಮೂಟೆಯ ಆಸೆ ಮೊದಲು ಬಿಡಿ. ನಿಮ್ಮ ಗಾಡಿ ಹೊರಬಹುದಾದದ್ದು 1,300 ಕೆಜಿ. 24 ಮೂಟೆಗೇ 1,200 ಆಯಿತು. ನೀವು, ಜೊತೆಗೊಬ್ಬ ಹಮಾಲಿ ಕೂತರೆ ಆಗಲೇ ಮಿತಿ ದಾಟಿತು. 23ಕ್ಕೆ ನಿಲ್ಲಿಸಿ. ಪ್ಲೇಟ್ ಸೇರಿಸಿದರೆ ಗಾಡಿ ಎತ್ತರ ನಿಲ್ಲುತ್ತದೆ, ಅಷ್ಟೇ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಹಳೆಯವೇ ಅಲ್ವಾ? ಓವರ್‌ಲೋಡ್‌ಗೆ ಕಾನೂನಿನಲ್ಲಿ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ 2,000 ಬೇರೆ.

ಆದರೂ 24 ಮೂಟೆಗೆ ಇಷ್ಟು ಕೂರಬಾರದು. ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಪ್ಲೇಟ್ ನೋಡಿ. ಬಿಲ್ಲಿನ ಹಾಗೆ ಬಾಗಿರದೆ ಚಪ್ಪಟೆಯಾಗಿದ್ದರೆ ಅದರ ಕಸುವು ಹೋಗಿದೆ. ಒಳಗೊಂದು ತುಂಡಾಗಿರಲೂಬಹುದು. ಅಂಥದ್ದನ್ನು ಬಡಿಸಿ ಬಗ್ಗಿಸಿದರೆ ಸುಮ್ನೆ ನಾಲ್ಕು ದಿನದ ಮಾತು. ಹೊಸ ಸೆಟ್ ಹಾಕಿಸಿ. ಮೂಟೆಗಳನ್ನೂ ಕ್ಯಾಬಿನ್ ಕಡೆಯಿಂದಲೇ ಜೋಡಿಸಿ. ಹಿಂದಿನ ಚಕ್ರದ ಆಚೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಇಷ್ಟಾದ ಮೇಲೂ ಬೇಕೆನಿಸಿದರೆ ಬಂಪ್ ಸ್ಟಾಪ್ (ಚಾಸಿ ಆಕ್ಸಲ್‌ಗೆ ಬಡಿಯದಂತೆ ತಡೆಯುವ ರಬ್ಬರ್) ಜಾಗದಲ್ಲಿ ಕೂರುವ ಟೊಳ್ಳು ರಬ್ಬರ್ ಹಾಕಿಸಿ. ಲೋಡ್ ಬಿದ್ದು ಚಾಸಿ ಇಳಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಮುಖ್ಯ ಪ್ಲೇಟ್ ಸೆಟ್ಟಿನ ಮೇಲೆ ಕೂರಿಸುವ ಹೆಲ್ಪರ್ (ಸಹಾಯಕ) ಸ್ಪ್ರಿಂಗ್ ಕೂಡ ಹಾಗೆಯೇ. ಮುಖ್ಯ ಸೆಟ್ಟಿಗೇ ಪ್ಲೇಟ್ ಸೇರಿಸಿದರೆ ಖಾಲಿ ಗಾಡಿ ಕುಣಿಯುತ್ತದೆ. ಅರ್ಧ ದಾರಿ ನೀವು ಖಾಲಿಯೇ ಬರುವವರು! ಏರ್ ಬ್ಯಾಗ್ ದಿನಕ್ಕೊಂದು ತೂಕ ಹೊರುವವರಿಗೆ ಅನುಕೂಲ. ಎಡ, ಬಲಕ್ಕೆ ಬೇರೆ ಬೇರೆ ಪೈಪ್ ಇರಲಿ. ಒಂದೇ ಇದ್ದರೆ ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡಿ ಗಾಡಿ ಜಾಸ್ತಿ ವಾಲುತ್ತದೆ. ಗಾಳಿ ನೋಡಿಕೊಳ್ಳುವ ತಾಳ್ಮೆ ಇಲ್ಲದಿದ್ದರೆ ರಬ್ಬರೇ ಸರಿ.

ಗ್ಯಾರೇಜಿನಲ್ಲಿ ಬಹಳ ಜನ ಮರೆಯುವುದು ಬ್ರೇಕ್. ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿಯಿಂದ ಜೋಡಿಸಿದ ವಾಲ್ವ್ ಇರುತ್ತದೆ. ಚಾಸಿ ಎಷ್ಟು ಇಳಿದಿದೆ ಎಂದು ನೋಡಿಯೇ ಅದು ಲೋಡ್ ಅಳೆಯುವುದು. ನೀವು ಹಿಂಭಾಗ ಎತ್ತಿದರೆ, ತುಂಬಿದ ಗಾಡಿಯನ್ನೂ ಖಾಲಿ ಎಂದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತದೆ. ಏನೇ ಹಾಕಿಸಿದರೂ ಆ ವಾಲ್ವನ್ನು ಕಂಪನಿ ಸರ್ವೀಸ್ ಸೆಂಟರಿನಲ್ಲಿ ಸರಿಮಾಡಿಸಿ. ಪ್ಲೇಟ್ ಬಿಚ್ಚಿದ್ದರೆ ಒಂದೆರಡು ಲೋಡ್ ಆದ ಮೇಲೆ ಅವನ್ನು ಆಕ್ಸಲ್‌ಗೆ ಹಿಡಿದಿಡುವ ಯು ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.