ಎಂಎಂಎ ಮಿಡಿ ಫೈಲ್ ಮಾಡುತ್ತದೆ, ಸದ್ದು ಮಾತ್ರ ಇಲ್ಲ (ಡೆಬಿಯನ್, 1 ಜಿಬಿ ರ‍್ಯಾಮ್)

ಎಂಎಂಎ (ಹಾಡಿಗೆ ಹಿನ್ನೆಲೆ ವಾದ್ಯ ತಯಾರಿಸುವ ಪ್ರೋಗ್ರಾಂ) ಮಿಡಿ ಫೈಲ್ ಕೊಟ್ಟರೂ ಸದ್ದು ಬರುತ್ತಿಲ್ಲ ಎಂದು ಕೇಳಿದ್ದೀರಿ. ತೊಂದರೆ ಎಂಎಂಎದಲ್ಲಿ ಇರಲಿಕ್ಕಿಲ್ಲ. ಅದು ನೀವು ಬರೆದ ಕಾರ್ಡ್‌ಗಳನ್ನು (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಓದಿ ಮಿಡಿ ಫೈಲ್ ಬರೆಯುತ್ತದೆ, ಅಷ್ಟೇ. ಮಿಡಿಯಲ್ಲಿ ಸದ್ದು ಇರುವುದಿಲ್ಲ, ಯಾವ ಸ್ವರ ಯಾವಾಗ ಎಂಬ ಸೂಚನೆ ಮಾತ್ರ. ನುಡಿಸಲು ಬೇರೆ ಸಿಂತ್ ಬೇಕು, ಅಂದರೆ ಆ ಸೂಚನೆಗಳನ್ನು ಸದ್ದಾಗಿಸುವ ಪ್ರೋಗ್ರಾಂ.

ಆಪ್ಟ್‌ನಿಂದ (apt, ಡೆಬಿಯನ್‌ನಲ್ಲಿ ಪ್ರೋಗ್ರಾಂ ಹಾಕುವ ಕಮಾಂಡ್) ಫ್ಲೂಯಿಡ್‌ಸಿಂತ್ ಎಂಬ ಸಿಂತ್ ಹಾಕಿಕೊಳ್ಳಿ. ಜೊತೆಗೆ ಸೌಂಡ್‌ಫಾಂಟ್ ಬೇಕು, ಅಂದರೆ ವಾದ್ಯಗಳ ಸದ್ದು ಇರುವ ಫೈಲ್. ಎಲ್ಲರೂ ಹೇಳುವ ಫ್ಲೂಯಿಡ್ ಆರ್3 ನೂರು ಎಂಬಿಗೂ ಜಾಸ್ತಿ, ನಿಮ್ಮ ರ‍್ಯಾಮ್‌ಗೆ ಸುಮ್ನೆ ಭಾರ. ಟಿಮ್‌ಜಿಎಂ6ಎಂಬಿ ಹಾಕಿ, ಸುಮಾರು 6 ಎಂಬಿ. ಪಿಯಾನೋ ಸ್ವಲ್ಪ ತಗಡು ಬಡಿದ ಹಾಗೆ ಕೇಳುತ್ತದೆ, ಅಭ್ಯಾಸಕ್ಕೆ ಸಾಕು.

ಇನ್ನು ಟರ್ಮಿನಲ್‌ನಲ್ಲಿ ಮೊದಲು ಫ್ಲೂಯಿಡ್‌ಸಿಂತ್, ಆಮೇಲೆ ಮೈನಸ್ ಎ ಆಲ್ಸಾ (-a alsa; ಆಲ್ಸಾ ಅಂದರೆ ಲಿನಕ್ಸ್‌ನ ಸದ್ದಿನ ವ್ಯವಸ್ಥೆ), ಆಮೇಲೆ ಸೌಂಡ್‌ಫಾಂಟ್‌ನ ಪೂರ್ತಿ ಪಾತ್, ಕೊನೆಗೆ ನಿಮ್ಮ ಮಿಡಿ ಫೈಲ್. ಎಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ. ಫೈಲ್ ಹೆಸರುಗಳನ್ನು ಮಾತ್ರ ಇದ್ದ ಹಾಗೇ ಬರೆಯಿರಿ. ಹೊರಬರಲು ಕ್ವಿಟ್ ಎಂದು ಟೈಪ್ ಮಾಡಿ.

ಆಗಲೂ ಸದ್ದಿಲ್ಲವೇ? ನಿಮ್ಮ ಯಂತ್ರ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಚಾನೆಲ್ ಮ್ಯೂಟ್ ಆಗಿರುವುದು ಮಾಮೂಲು. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer, ಸದ್ದಿನ ಮಟ್ಟ ಹೊಂದಿಸುವ ಪ್ರೋಗ್ರಾಂ) ತೆರೆದು ನೋಡಿ. ಮಾಸ್ಟರ್ ಅಥವಾ ಪಿಸಿಎಂ ಕಂಬದ ಕೆಳಗೆ ಎಂಎಂ ಎಂದಿದ್ದರೆ ಎಂ ಕೀ ಒತ್ತಿ, ಅದು ಓಓ ಆಗಬೇಕು.

ನೀವು ಕೇಳಿದ ಇನ್ನೊಂದು, ಗ್ರೂವ್ (ಎಂಎಂಎ ಬಳಸುವ ಸಿದ್ಧ ಲಯದ ಶೈಲಿ) ಸಿಗುತ್ತಿಲ್ಲ ಎಂಬ ಎರರ್: ಎಂಎಂಎ ಮೈನಸ್ ದೊಡ್ಡ ಜಿ (mma -G) ಒಮ್ಮೆ ಮುಂದೆ ಸುಡೋ (sudo, ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಓಡಿಸಿ. ಗ್ರೂವ್ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಹಳೇ ಯಂತ್ರ ಅಲ್ವಾ, ಸ್ವಲ್ಪ ಹೊತ್ತು ಹಿಡಿದರೆ ಮಧ್ಯೆ ನಿಲ್ಲಿಸಬೇಡಿ.